ಗಾಂಜಾ: ಜೈಲಿನ ಭಯ ಹೃದಯವನ್ನು ಕಾಪಾಡುವುದಿಲ್ಲ



ಒಂದು ರಾತ್ರಿ ಎದೆನೋವೆಂದು ಮೂವತ್ತೈದರ ಯುವಕನೊಬ್ಬನನ್ನು ಕರೆತಂದರು. ಊರು ಕಲಬುರಗಿ ಕಡೆ, ಕೆಲಸ ಇಲ್ಲಿಯ ಕಾರ್ಖಾನೆಯಲ್ಲಿ. ಬಿಪಿ ಇಲ್ಲ, ಶುಗರ್ ಇಲ್ಲ. ಇಸಿಜಿಯಲ್ಲಿ ಮಾತ್ರ ಹೃದಯಾಘಾತ. "ಏನಾದರೂ ಚಟ?" ಎಂದರೆ "ಇಲ್ರಿ ಸರ" ಎಂದ. ಚಿಕಿತ್ಸೆಯಾಗಿ ಚೇತರಿಸಿಕೊಂಡ ಮೇಲೆ, ಅಣ್ಣ ಹೊರಗೆ ಹೋದಾಗ ಮೆಲ್ಲಗೆ ಹೇಳಿದ: "ಗಾಂಜಾ ಸೇದಿದ್ನಿರಿ. ಪೊಲೀಸರಿಗೆ ಹೇಳಬ್ಯಾಡ್ರಿ."

*ಹೃದಯಕ್ಕೆ ಏನಾಗುತ್ತದೆ?*
ಗಾಂಜಾದ ಟಿಎಚ್‌ಸಿ ಎಂಬ ಅಂಶ ಹೃದಯ ಬಡಿತವನ್ನು ಏರಿಸುತ್ತದೆ. ಆಗ ಹೃದಯಕ್ಕೆ ಹೆಚ್ಚು ಆಮ್ಲಜನಕ ಬೇಕು. ಆದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಆಮ್ಲಜನಕವನ್ನೇ ಕಡಿಮೆ ಮಾಡುತ್ತದೆ. 2001ರ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಸೇದಿದ ಮೊದಲ ಒಂದು ಗಂಟೆಯಲ್ಲಿ ಹೃದಯಾಘಾತದ ಅಪಾಯ ಸುಮಾರು 4.8 ಪಟ್ಟು ಹೆಚ್ಚು. "ಗಿಡಮೂಲಿಕೆ, ಏನೂ ಆಗಲ್ಲ" ಎನ್ನುವುದು ಸುಳ್ಳು.

*ಹಾಗಿದ್ದರೂ ಕಾನೂನು ಸಡಿಲಿಸಬೇಕು ಎನ್ನುವುದೇಕೆ?*
1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇವನೆಗೆ 6 ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದೇ ಗಿಡದ ಎಲೆಯ ಭಾಂಗ್ ಈ ವ್ಯಾಖ್ಯೆಯ ಹೊರಗಿದೆ! ನಮ್ಮ ಯಾದಗಿರಿಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸೇದುವ ರೂಢಿಯೂ ಇದೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯಂತೆ, ಗಾಂಜಾ-ಚರಸ್ ಬಳಸುವವರು ದೇಶದಲ್ಲಿ ಸುಮಾರು 1.3 ಕೋಟಿ.

ನಿಷೇಧದಿಂದ ಗಾಂಜಾ ಮಾಯವಾಗಲಿಲ್ಲ. ರೋಗಿ ನಿಜ ಹೇಳುವುದು ನಿಂತಿತು. ಪೊಟ್ಟಣದಲ್ಲಿ ಎಷ್ಟು ಟಿಎಚ್‌ಸಿ ಇದೆ, ಏನು ಬೆರೆಸಿದ್ದಾರೆ ಎಂದು ಯಾರಿಗೂ ಗೊತ್ತಿಲ್ಲ. ಪರವಾನಗಿ ಇದ್ದರೆ ವಯಸ್ಸಿನ ಮಿತಿ, ಗುಣಮಟ್ಟದ ಪರೀಕ್ಷೆ, ಹೃದಯಾಘಾತದ ಎಚ್ಚರಿಕೆ, ಜಾಹೀರಾತಿಗೆ ತಡೆ ಎಲ್ಲವನ್ನೂ ಕಡ್ಡಾಯ ಮಾಡಬಹುದು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು 25 ಗ್ರಾಂ ಇಟ್ಟುಕೊಂಡು ಓಡಾಡಬಹುದು; 18ರ ಒಳಗಿನವರಿಗೆ ನಿಷೇಧವೇ. ನಮ್ಮಲ್ಲಿಯೂ 1893-94ರ ಆಯೋಗ ನಿಷೇಧದ ಬದಲು ತೆರಿಗೆ ಮತ್ತು ಪರವಾನಗಿಯನ್ನೇ ಸೂಚಿಸಿತ್ತು.

*ಕಾನೂನು ಬದಲಾಗುವವರೆಗೆ*
1. ಹೃದ್ರೋಗ, ಬಿಪಿ ಇದ್ದವರು ಗಾಂಜಾ ಮುಟ್ಟಲೇಬೇಡಿ.
2. ಸೇದಿದ ಮೇಲೆ ಎದೆನೋವು, ಬೆವರು, ಉಸಿರಾಟದ ತೊಂದರೆ ಆದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ.
3. ವೈದ್ಯರಿಗೆ ನಿಜ ಹೇಳಿ. ನಾವು ಕೇಳುವುದು ಚಿಕಿತ್ಸೆಗಾಗಿ. ಕಾರಣ ತಿಳಿಯದೆ ಮನೆಗೆ ಕಳಿಸಿದರೆ, ಮತ್ತೆ ಸೇದಿ ಮತ್ತೆ ಬರುತ್ತೀರಿ.
4. ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ತಾವಾಗಿ ಚಟ ಬಿಡಿಸುವ ಚಿಕಿತ್ಸೆ ಪಡೆಯುವ ವ್ಯಸನಿಗೆ, ಸೇವನೆಯ ಮೊಕದ್ದಮೆಯಿಂದ ಅದೇ ಕಾಯ್ದೆಯ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ.

ಮನೆಯಲ್ಲಿ ಹುಡುಗರಿದ್ದರೆ ಬೈಯುವ ಮೊದಲು ಇದನ್ನು ಓದಿಸಿ. ನಿಮ್ಮ ಗುಂಪಿನವರಿಗೂ ಕಳುಹಿಸಿ.

– ಹೃದ್ರೋಗ ತಜ್ಞರು, ಎಂ.ಡಿ., ಪಿಂಪ್ರಿ-ಚಿಂಚವಾಡ