ಮಾದರಿಗಳಲ್ಲಿ ರಿವೆಟ್: ಎಲ್ಲಿ, ಎಷ್ಟು, ಯಾವ ಅಳತೆಯಲ್ಲಿ

(ಪ್ರೌಢಶಾಲೆಗಳ ವಿಜ್ಞಾನ ಹಾಗೂ ಕಾರ್ಯಾನುಭವ ಶಿಕ್ಷಕರ ಅಭ್ಯಾಸಕ್ಕಾಗಿ)

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಲಾ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಮೂರು ಮಾದರಿಗಳು ಮತ್ತೆ ಮತ್ತೆ ಕಾಣಸಿಗುತ್ತವೆ: ಗೊರೂರಿನ ಹೇಮಾವತಿ ಅಣೆಕಟ್ಟೆ, ರೈಲ್ವೆ ಸೇತುವೆ, ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಅಟ್ಟಣಿಗೆ. ಈ ಮೂರರಲ್ಲಿಯೂ ಕಬ್ಬಿಣದ ಭಾಗಗಳಿರುವುದರಿಂದ ವಿದ್ಯಾರ್ಥಿಗಳು ಅವುಗಳ ಮೇಲೆ ರಿವೆಟ್‌ಗಳನ್ನು ತೋರಿಸಲು ಬಯಸುವುದು ಸಹಜ. ಆದರೆ ಬಹುಪಾಲು ಮಾದರಿಗಳಲ್ಲಿ ಅವು ಸೀರೆಯ ಅಂಚಿನ ಚುಕ್ಕಿಗಳಂತೆ ಅಲಂಕಾರವಾಗಿ ಉಳಿಯುತ್ತವೆ. ರಿವೆಟ್ ಅಲಂಕಾರವಲ್ಲ. ಒಂದು ತಗಡಿನಿಂದ ಇನ್ನೊಂದು ತಗಡಿಗೆ ಬಲವು ದಾಟುವ ಸ್ಥಳ ಅದು. ಈ ಒಂದು ವಿಷಯವನ್ನು ಮಕ್ಕಳಿಗೆ ಮನದಟ್ಟು ಮಾಡಿಕೊಡುವುದೇ ಪ್ರಸ್ತುತ ಪಾಠದ ಉದ್ದೇಶ.

ಕೆಲವು ವರ್ಷಗಳ ಹಿಂದೆ ಪ್ರದರ್ಶನವೊಂದರಲ್ಲಿ ಈ ಲೇಖಕನು ತೀರ್ಪುಗಾರನಾಗಿ ಕುಳಿತಿದ್ದಾಗ, ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ರಟ್ಟಿನ ಸೇತುವೆಯೊಂದನ್ನು ತಂದಿದ್ದಳು. ಅದರ ಮೇಲೆ ಆರುನೂರಕ್ಕೂ ಹೆಚ್ಚು ಅಂಟಿನ ಹನಿಗಳಿದ್ದವು. ಎರಡು ವಾರ ಸಂಜೆ ಕುಳಿತು ಇಟ್ಟವು. ತಗಡಿನ ನಡುಭಾಗದಲ್ಲೆಲ್ಲ ಹನಿಗಳು ಹರಡಿದ್ದವು, ಎರಡು ಪಟ್ಟಿಗಳು ಕೂಡುವ ಮೂಲೆಗಳಲ್ಲಿ ಮಾತ್ರ ಒಂದೂ ಇರಲಿಲ್ಲ. "ಈ ಮೊಳೆ ಇಲ್ಲಿ ಏನನ್ನು ಹಿಡಿದಿದೆಯಮ್ಮಾ?" ಎಂದು ಕೇಳಿದಾಗ ಆಕೆ ಮಾರ್ಗದರ್ಶಿ ಶಿಕ್ಷಕರ ಮುಖ ನೋಡಿದಳು; ಅವರು ನೆಲ ನೋಡಿದರು. ಶ್ರಮಕ್ಕೆ ಕೊರತೆಯಿರಲಿಲ್ಲ. ಹೇಳಿಕೊಡಬೇಕಾದುದನ್ನು ನಾವು ಹೇಳಿಕೊಟ್ಟಿರಲಿಲ್ಲ.

ಪಾಠವನ್ನು ಅಡುಗೆಮನೆಯಿಂದ ಆರಂಭಿಸುವುದು ಲೇಸು. ಮನೆಯ ಹಳೆಯ ಬಾಣಲೆಯೊಂದನ್ನು ತರಗತಿಗೆ ತರಿಸಿ, ಅದರ ಕಿವಿಗಳನ್ನು ನೋಡಲು ತಿಳಿಸತಕ್ಕದ್ದು. ಪ್ರತಿ ಕಿವಿಗೂ ಸಾಮಾನ್ಯವಾಗಿ ಎರಡು ರಿವೆಟ್‌ಗಳಿರುತ್ತವೆ. ಒಂದೇ ಇದ್ದರೆ ಕಿವಿ ತಿರುಗುತ್ತದೆ. ಬಾಣಲೆಯ ತಳದಲ್ಲಿ ಇಟ್ಟರೆ ಯಾವ ಉಪಯೋಗವೂ ಇಲ್ಲ. ಎಲ್ಲಿ ಮತ್ತು ಎಷ್ಟು ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಇಷ್ಟರಲ್ಲಿಯೇ ಇದೆ.

ಸೇತುವೆಯ ರಿವೆಟ್ ಒಂದು ತಲೆಯುಳ್ಳ ಉಕ್ಕಿನ ಗೂಟ. ಅದನ್ನು ಕೆಂಪಗೆ ಕಾಯಿಸಿ, ತಗಡುಗಳ ರಂಧ್ರದಲ್ಲಿ ತೂರಿಸಿ, ಹೊರಬಂದ ತುದಿಯನ್ನು ಬಡಿದು ಇನ್ನೊಂದು ತಲೆಯನ್ನು ರೂಪಿಸುತ್ತಾರೆ. ತಣ್ಣಗಾಗುವಾಗ ಗೂಟವು ಕುಗ್ಗಿ ತಗಡುಗಳನ್ನು ಬಿಗಿದು ಹಿಡಿಯುತ್ತದೆ. ಬಿಚ್ಚಬೇಕಾದರೆ ತಲೆಯನ್ನು ಕತ್ತರಿಸಿಯೇ ಬಿಚ್ಚಬೇಕು. ಅಂದರೆ ಇದು ಶಾಶ್ವತ ಜೋಡಣೆ. ಈ ಮಾತನ್ನು ನೆನಪಿನಲ್ಲಿಟ್ಟರೆ ಅಟ್ಟಣಿಗೆಯ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ. ಹನ್ನೆರಡು ವರ್ಷಗಳಿಗೊಮ್ಮೆ, ಇತ್ತೀಚೆಗೆ 2006 ಮತ್ತು 2018ರಲ್ಲಿ ನಡೆದಂತೆ, ವಿಂಧ್ಯಗಿರಿಯ ಮೇಲೆ ಗೊಮ್ಮಟ ಮೂರ್ತಿಯ ಹಿಂದೆ ಏರಿಸಿ, ಉತ್ಸವ ಮುಗಿದ ಮೇಲೆ ಇಳಿಸಿಬಿಡುವ ಕಟ್ಟಣೆ ಅದು. ಬಿಚ್ಚಲೆಂದೇ ಕಟ್ಟುವ ವಸ್ತುವಿನ ಸಂದುಗಳಿಗೆ ರಿವೆಟ್ ಸಲ್ಲದು. ಈ ಮಾದರಿ ಮಾಡುವವರು 58 ಅಡಿಯ ಮೂರ್ತಿಯನ್ನು 1:50ರ ಪ್ರಮಾಣದಲ್ಲಿ ಸುಮಾರು 35 ಸೆಂ.ಮೀ. ಎತ್ತರಕ್ಕೆ ಮಾಡಿಕೊಂಡರೆ, ಕಟ್ಟಡ ಕೆಲಸದಲ್ಲಿ ಬಳಸುವ 48 ಮಿ.ಮೀ. ದಪ್ಪದ ಉಕ್ಕಿನ ಕೊಳವೆಯು ಸುಮಾರು 1 ಮಿ.ಮೀ. ಆಗುತ್ತದೆ. ಉರಿದು ಉಳಿದ ಊದುಬತ್ತಿಯ ಕಡ್ಡಿ ಸಾಕು. ಸಂದುಗಳಿಗೆ ದಾರ ಸುತ್ತಿ ಹಿಡಿಕೆಗಳನ್ನು ಸೂಚಿಸಬಹುದು. ಮೊಳೆಯ ತಲೆ ಬೇಡ.

ಸೇತುವೆಯ ಮಾತು ಬೇರೆ. ಮೈಸೂರಿನಿಂದ ಹಾಸನಕ್ಕೆ ಬರುವ ರೈಲು ಹೇಮಾವತಿಯನ್ನು ದಾಟಿಯೇ ಬರಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಘಟ್ಟದ ಮಾರ್ಗದಲ್ಲಿ 57 ಸುರಂಗಗಳೂ ನೂರಕ್ಕೆ ಮೀರಿದ ಸೇತುವೆಗಳೂ ಇವೆ. ನಮ್ಮ ರೈಲ್ವೆಯು ಉಕ್ಕಿನ ಗರ್ಡರ್‌ಗಳಲ್ಲಿ ರಿವೆಟ್ ಜೋಡಣೆಯನ್ನು ಬಹಳ ಕಾಲ ಬಳಸಿಕೊಂಡು ಬಂದಿದೆ. ಸೇತುವೆಗಳ ಮೇಲೆ ನಡೆಯುವುದು ಅಪಾಯವೂ ಹೌದು, ರೈಲ್ವೆ ಕಾಯಿದೆಯಂತೆ ಅಪರಾಧವೂ ಹೌದು. ಆದುದರಿಂದ ಮಕ್ಕಳನ್ನು ಹಳಿಯ ಮೇಲೆ ಕರೆದೊಯ್ಯಕೂಡದು. ದೂರದ ರಸ್ತೆಯಿಂದ ತೆಗೆದ ಛಾಯಾಚಿತ್ರವೇ ಸಾಕು. ಮೈಸೂರಿಗೆ ಪ್ರವಾಸ ಹೋಗುವ ಶಾಲೆಗಳು, 1979ರಲ್ಲಿ ಆರಂಭವಾದ ಅಲ್ಲಿನ ರೈಲ್ವೆ ವಸ್ತುಸಂಗ್ರಹಾಲಯದ ಉಗಿಬಂಡಿಗಳ ಮುಂದೆ ಅರ್ಧ ಗಂಟೆ ನಿಂತು, ರಿವೆಟ್ ಸಾಲುಗಳ ಚಿತ್ರ ಬರೆದುಕೊಂಡು ಬರಲಿ. ಒಳಗಿನ ಒತ್ತಡದಿಂದ ಉರುಳೆಯ ಉದ್ದದ ಹೊಲಿಗೆಯ ಮೇಲೆ ಬೀಳುವ ಎಳೆತವು ಸುತ್ತಿನ ಹೊಲಿಗೆಯ ಮೇಲೆ ಬೀಳುವುದರ ಎರಡರಷ್ಟು. ಆದ್ದರಿಂದಲೇ ರಿವೆಟ್ ಹಾಕಿದ ಬಾಯ್ಲರ್‌ಗಳಲ್ಲಿ ಉದ್ದದ ಹೊಲಿಗೆಗೆ ಹೆಚ್ಚು ಸಾಲುಗಳನ್ನು ಕೊಡುತ್ತಿದ್ದರು.

ಈಗ ಲೆಕ್ಕಕ್ಕೆ ಬರೋಣ. ತಗಡಿನ ದಪ್ಪದ ವರ್ಗಮೂಲವನ್ನು 6.04ರಿಂದ ಗುಣಿಸಿದರೆ ರಿವೆಟ್‌ನ ವ್ಯಾಸ ಮಿ.ಮೀ.ಗಳಲ್ಲಿ ದೊರೆಯುತ್ತದೆ, ಇದು ಅನ್ವಿನ್ ಸೂತ್ರ. 12 ಮಿ.ಮೀ. ತಗಡಿಗೆ ಸುಮಾರು 21 ಬರುತ್ತದೆ; 20 ಅಥವಾ 22 ಮಿ.ಮೀ. ರಿವೆಟ್ ಆರಿಸುತ್ತಾರೆ. 20 ಮಿ.ಮೀ. ರಿವೆಟ್‌ನ ರಂಧ್ರ 21.5 ಮಿ.ಮೀ. ಬಿಸಿಯಾಗಿ ಬಡಿದಾಗ ಗೂಟವು ರಂಧ್ರವನ್ನು ತುಂಬುವುದರಿಂದ ಅದರ ಅಡ್ಡಕೊಯ್ತದ ವಿಸ್ತೀರ್ಣ 363 ಚದರ ಮಿ.ಮೀ. ಭಾರತೀಯ ಮಾನಕ 800ರ 1984ರ ಆವೃತ್ತಿಯಂತೆ, ಯಂತ್ರದಿಂದ ಬಡಿದ ರಿವೆಟ್‌ಗೆ ಚದರ ಮಿ.ಮೀ.ಗೆ 100 ನ್ಯೂಟನ್ ಕತ್ತರಿ ಬಲವನ್ನು ಅನುಮತಿಸಬಹುದು. ಹಾಗಾದರೆ ಒಂದು ರಿವೆಟ್ ಸುಮಾರು 36 ಕಿಲೋನ್ಯೂಟನ್ ತಾಳುತ್ತದೆ. 200 ಕಿಲೋನ್ಯೂಟನ್ ಎಳೆತವಿರುವ ಪಟ್ಟಿಯೊಂದರ ತುದಿಗೆ ಎಷ್ಟು ರಿವೆಟ್ ಬೇಕು? ಭಾಗಿಸಿದರೆ ಐದೂವರೆ, ಆದ್ದರಿಂದ ಆರು. ಹತ್ತನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ನಿರಾಯಾಸವಾಗಿ ಮಾಡಬಲ್ಲರು. ತಾನು ಇಟ್ಟ ಆರು ಚುಕ್ಕಿಗಳಿಗೆ ಕಾರಣ ಹೇಳಬಲ್ಲ ವಿದ್ಯಾರ್ಥಿಯನ್ನು ಯಾವ ತೀರ್ಪುಗಾರನೂ ತಬ್ಬಿಬ್ಬುಗೊಳಿಸಲಾರ.

ರಿವೆಟ್‌ಗಳ ನಡುವಣ ಅಂತರವು ವ್ಯಾಸದ ಎರಡೂವರೆ ಪಟ್ಟಿಗಿಂತ ಕಡಿಮೆ ಇರಬಾರದು, 20 ಮಿ.ಮೀ.ಗೆ ಅದು 50 ಮಿ.ಮೀ. ಒತ್ತಡ ಹೊರುವ ಭಾಗಗಳಲ್ಲಿ ತಗಡಿನ ದಪ್ಪದ ಹನ್ನೆರಡು ಪಟ್ಟನ್ನು ಮೀರುವಂತಿಲ್ಲ, 12 ಮಿ.ಮೀ. ತಗಡಿಗೆ ಅದು 144 ಮಿ.ಮೀ. ಮಾದರಿಗೆ ನಡುವಿನ 100 ಮಿ.ಮೀ. ಎಂದಿಟ್ಟುಕೊಂಡರೆ ಲೆಕ್ಕ ಸುಲಭ. ತಗಡಿನ ಅಂಚಿನಿಂದ ರಂಧ್ರದ ಕೇಂದ್ರಕ್ಕೆ ಕನಿಷ್ಠ 32 ಮಿ.ಮೀ. ಬಿಡಬೇಕು. ಅಂಚಿಗೇ ಅಂಟಿಸಿದ ರಿವೆಟ್ ನಿಜದಲ್ಲಿ ತಗಡನ್ನು ಹರಿದುಕೊಂಡು ಹೊರಬರುತ್ತದೆ.

ತಗಡಿನ ಗರ್ಡರ್ ಒಂದರಲ್ಲಿ ಸಾಲುಗಳು ಎಲ್ಲೆಲ್ಲಿ ಬರುತ್ತವೆ? ನಿಂತಿರುವ ನಡುತಗಡನ್ನು ಮೇಲ್ಪಟ್ಟಿಗೂ ಕೆಳಪಟ್ಟಿಗೂ ಸೇರಿಸುವ ಆ್ಯಂಗಲ್‌ಗಳ ಉದ್ದಕ್ಕೂ ಒಂದೊಂದು ಸಾಲು; ನಡುತಗಡು ಸೊಟ್ಟಗಾಗದಂತೆ ಲಂಬವಾಗಿ ನಿಲ್ಲಿಸಿದ ಆಸರೆ ಪಟ್ಟಿಗಳಲ್ಲಿ ಒಂದೊಂದು; ಎರಡು ತಗಡುಗಳು ಕೂಡುವೆಡೆ ಹೊದಿಸಿದ ತುಂಡಿನ ಮೇಲೆ ಗುಂಪಾಗಿ. ಉಳಿದ ಜಾಗ ಬರಿದಾಗಿಯೇ ಇರತಕ್ಕದ್ದು. ಕತ್ತರಿ ಬಲವು ಸೇತುವೆಯ ತುದಿಗಳಲ್ಲಿ ಅಧಿಕವಾದ್ದರಿಂದ ಅಲ್ಲಿ ರಿವೆಟ್‌ಗಳನ್ನು ಒತ್ತೊತ್ತಾಗಿಯೂ ನಡುವೆ ವಿರಳವಾಗಿಯೂ ಹಾಕುವುದುಂಟು. ಕೆಲಸದ ಅನುಕೂಲಕ್ಕಾಗಿ ಉದ್ದಕ್ಕೂ ಸಮವಾಗಿ ಹಾಕಿರುವುದೂ ಉಂಟು. ಛಾಯಾಚಿತ್ರ ಹೇಳಿದಂತೆ ಮಾಡಬೇಕು.

ಪ್ರಮಾಣದ ವಿಷಯದಲ್ಲಿ ತಪ್ಪುಗಳು ಹೆಚ್ಚು. 20 ಮಿ.ಮೀ. ರಿವೆಟ್‌ನ ದುಂಡು ತಲೆಯ ಅಗಲ ಅದರ 1.6 ಪಟ್ಟು, ಅಂದರೆ 32 ಮಿ.ಮೀ.; ಎತ್ತರ 14 ಮಿ.ಮೀ. ಇದು 1:20ರಲ್ಲಿ 1.6 ಮಿ.ಮೀ., 1:50ರಲ್ಲಿ 0.64 ಮಿ.ಮೀ., 1:100ರಲ್ಲಿ 0.32 ಮಿ.ಮೀ. ಅಂಟಿನ ಕೊಳವೆಯ ಮೂತಿಯಿಂದ ಬೀಳುವ ಹನಿ ಎರಡು ಮೂರು ಮಿ.ಮೀ. ಇರುತ್ತದೆ. ಅದನ್ನು 1:100ರ ಸೇತುವೆಗೆ ಇಟ್ಟರೆ ರಿವೆಟ್‌ನ ತಲೆ ಕುಕ್ಕೆಯಷ್ಟಾಗುತ್ತದೆ! 1:100ರ ಅಣೆಕಟ್ಟೆಯ ಬಾಗಿಲಿಗೆ ರಿವೆಟ್ ತೋರಿಸದಿರುವುದೇ ಸರಿ. ವಿಮಾನದ ಮಾದರಿಗೂ ಇದೇ ನಿಯಮ. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ರೂಪುಗೊಂಡು 1961ರಲ್ಲಿ ಮೊದಲು ಹಾರಿದ ಮಾರುತ್‌ನಂತಹ ವೇಗದ ವಿಮಾನಗಳ ಹೊರಮೈ ಗಾಳಿಗೆ ತಡೆಯಾಗದಂತೆ ನುಣುಪಾಗಿರಬೇಕು. ರಿವೆಟ್‌ನ ತಲೆಯನ್ನು ತಗಡಿನ ಮಟ್ಟಕ್ಕೆ ಇಳಿಸಿರುತ್ತಾರೆ. ಅಲ್ಲಿ ಉಬ್ಬು ತಪ್ಪು.

ನಮ್ಮ ಜಿಲ್ಲೆಯ ಮಟ್ಟಿಗೆ 1:20 ಬಹಳ ಅನುಕೂಲದ ಪ್ರಮಾಣ, ಏಕೆಂದರೆ ಅದರ ರಿವೆಟ್ ನಮ್ಮ ಹೊಲದಲ್ಲಿಯೇ ಬೆಳೆಯುತ್ತದೆ. ರಾಗಿ ಕಾಳಿನ ಅಡ್ಡಳತೆ ಸುಮಾರು ಒಂದೂವರೆ ಮಿ.ಮೀ. 12 ಮೀಟರ್ ಉದ್ದದ ಗರ್ಡರ್ 60 ಸೆಂ.ಮೀ. ಆಗುತ್ತದೆ, 100 ಮಿ.ಮೀ. ಅಂತರ 5 ಮಿ.ಮೀ. ಆಗುತ್ತದೆ, ಒಂದು ಸಾಲಿಗೆ 120 ಕಾಳು. ಮೊದಲು ಚಹಾ ಜರಡಿಯಲ್ಲಿ ಜರಡಿಯಾಡಿ ಸಮ ಗಾತ್ರದ ಕಾಳುಗಳನ್ನು ಆರಿಸಿ, ಬಿಸಿಲಿನಲ್ಲಿ ಒಣಗಿಸಬೇಕು. ಹುರಿಯಬಾರದು, ಅರಳಿದ ರಾಗಿ ಹುರಿಹಿಟ್ಟಿಗೆ ಆದೀತೇ ಹೊರತು ಸೇತುವೆಗೆ ಆಗದು. ಒಂದು ಮಿ.ಮೀ. ದಪ್ಪದ ರಟ್ಟಿನ ಮೇಲೆ ಸೀಸದ ಕಡ್ಡಿಯಿಂದ ಸಾಲು ಗೆರೆ ಎಳೆದು, ಅಳತೆಪಟ್ಟಿ ಇಟ್ಟು ಚುಕ್ಕಿ ಗುರುತಿಸಿ, ಕೆಳಗೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಿಟ್ಟು ದಬ್ಬಳದಿಂದ ರಂಧ್ರ ಮಾಡಬೇಕು. ರಂಧ್ರವು ಕಾಳಿಗಿಂತ ತುಸು ಕಿರಿದಾಗಿರಲಿ. ತೆಳುವಾಗಿ ಫೆವಿಕಾಲ್ ಸವರಿ, ಒದ್ದೆ ಕುಂಚದ ತುದಿಯಿಂದ ಒಂದೊಂದೇ ಕಾಳನ್ನು ಕೂರಿಸಿ, ಅರ್ಧ ಮಾತ್ರ ಹೊರಗೆ ಕಾಣುವಂತೆ ಬೆರಳಿನಿಂದ ಒತ್ತಬೇಕು. ನಿಜವಾದ ತಲೆಯೂ ಅರ್ಧಗೋಳಕ್ಕೆ ಸಮೀಪವಾದದ್ದೇ. 1:30ರ ಆಸುಪಾಸಿನ ಮಾದರಿಗೆ ಗಸಗಸೆ ಒದಗುತ್ತದೆ. ಸಾಸಿವೆ ತುಸು ದಪ್ಪ.

1:50ಕ್ಕೆ ಕಾಳುಗಳ ಉಪಾಯ ನಡೆಯದು. ಊಟದ ಪೊಟ್ಟಣಗಳ ತೆಳು ಅಲ್ಯೂಮಿನಿಯಂ ತಗಡನ್ನು ಅದೇ ಚಪ್ಪಲಿ ಅಟ್ಟೆಯ ಮೇಲೆ ಬೋರಲಾಗಿಟ್ಟು, ಮೊಂಡಾದ ಸೂಜಿಯಿಂದ ಹಿಂಬದಿಯಿಂದ ಮೃದುವಾಗಿ ಒತ್ತಿದರೆ ಮುಂದೆ ಉಬ್ಬು ಮೂಡುತ್ತದೆ. ದರ್ಜಿಗಳು ಗುರುತು ಹಾಕುವ ಹಲ್ಲುಚಕ್ರ ದೊರೆತರೆ ಸಾಲು ಬೇಗ ಮುಗಿಯುತ್ತದೆ. ಮೊದಲು ಕಾಗದದ ಮೇಲೆ ಉರುಳಿಸಿ 10 ಸೆಂ.ಮೀ.ಗೆ ಎಷ್ಟು ಚುಕ್ಕಿಯೆಂದು ಎಣಿಸಿ. ಐವತ್ತಕ್ಕೆ ಹತ್ತಿರ ಬಂದರೆ ಅದು 1:50ರ ಪ್ರಮಾಣದಲ್ಲಿ 100 ಮಿ.ಮೀ. ಅಂತರಕ್ಕೆ ಸರಿಹೊಂದುತ್ತದೆ. ತಗಡಿನ ಅಂಚು ಬೆರಳು ಕೊಯ್ಯುವುದರಿಂದ ಕತ್ತರಿಸುವ ಕೆಲಸವನ್ನು ಶಿಕ್ಷಕರೇ ಮಾಡತಕ್ಕದ್ದು.

ಬಣ್ಣವನ್ನು ತೆಳುವಾಗಿ ಎರಡು ಬಾರಿ ಬಳಿಯಬೇಕು. ದಪ್ಪನಾಗಿ ಒಮ್ಮೆ ಬಳಿದರೆ ಉಬ್ಬುಗಳ ಸುತ್ತ ಬಣ್ಣ ನಿಂತು ಎರಡು ವಾರದ ಕೆಲಸ ಮುಚ್ಚಿಹೋಗುತ್ತದೆ. ರಾಗಿ ಬಳಸಿದ್ದಲ್ಲಿ ಒಂದು ಕಾಳೂ ಬಣ್ಣ ತಪ್ಪದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಪ್ರದರ್ಶನದ ಹಿಂದಿನ ರಾತ್ರಿ ಇಲಿ ಬಂದು ರಿವೆಟ್ ಬಿಚ್ಚುತ್ತದೆ. ತುಕ್ಕು ತೋರಿಸಬೇಕೆನಿಸಿದರೆ ಕೆಮ್ಮಣ್ಣಿನ ತಿಳಿನೀರನ್ನು ಕೆಲವೇ ರಿವೆಟ್‌ಗಳ ಕೆಳಗೆ ಗೆರೆಯಂತೆ ಇಳಿಬಿಡಬಹುದು. ಮಳೆನೀರು ಹರಿಯುವ ದಿಕ್ಕಿನಲ್ಲಿ ಮಾತ್ರ.

ಮಾದರಿಯನ್ನು ಪ್ರದರ್ಶನಕ್ಕೆ ಕಳುಹಿಸುವ ಮುನ್ನ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡತಕ್ಕದ್ದು. ಸಾಲು ಡೊಂಕಾಗಿದ್ದರೆ, ಕಾಳು ಬಿದ್ದಿದ್ದರೆ ಅದರ ನೆರಳು ಆಗ ತಿಳಿಸುತ್ತದೆ. ಬಳಿಕ ವಿದ್ಯಾರ್ಥಿಯನ್ನು ಕೂರಿಸಿಕೊಂಡು ಯಾವುದಾದರೂ ಒಂದು ರಿವೆಟ್ ಮೇಲೆ ಬೆರಳಿಟ್ಟು, ಅದು ಯಾವ ಎರಡು ತಗಡುಗಳನ್ನು ಹಿಡಿದಿದೆಯೆಂದು ಕೇಳಬೇಕು. ಉತ್ತರ ಬಾರದ ರಿವೆಟ್‌ಗಳನ್ನು ಅಲ್ಲಿಯೇ ಕಿತ್ತು, ರಂಧ್ರ ಮುಚ್ಚಿ, ಬಣ್ಣ ಬಳಿಯಲು ಒಂದು ದಿನದ ಕಾಲಾವಕಾಶವನ್ನು ಮೊದಲೇ ಇಟ್ಟುಕೊಂಡಿರುವುದು ಒಳಿತು.