ಪುರಿಯ ಸೇರು, ಶಾಸನದ ಕೊಳಗ

ಮಗಳೇ,

ಭಾನುವಾರ ಫೋನಿನಲ್ಲಿ ನೀನು ಒಂದು ಮಾತನ್ನು ಅರ್ಧಕ್ಕೇ ನುಂಗಿಕೊಂಡೆ. "ಚಿಕ್ಕಮ್ಮಾ, ಹಗಲೆಲ್ಲಾ ಲೈಬ್ರರಿ. ಸಂಜೆಯಾದ್ರೆ ಕಾಲು ತಾನಾಗೇ ನಜರ್‌ಬಾದ್ ಕಡೆಗೋ ದೇವರಾಜ ಮಾರುಕಟ್ಟೆ ಕಡೆಗೋ ಹೋಗುತ್ತೆ. ಥೀಸಿಸ್ ಬರೆಯೋಕೆ ಬಂದವಳು ತಿಂಡಿ ಹುಡುಕ್ಕೊಂಡು ಅಲೀತಿದೀನಿ ಅಂತ..." ಅಷ್ಟರಲ್ಲಿ ನನ್ನ ಪಕ್ಕದಲ್ಲಿ ನಿನ್ನಮ್ಮನ ದನಿ ಕೇಳಿಸಿತು, ನೀನು ಮಳೆಯ ವಿಚಾರ ಎತ್ತಿದೆ. ಆ ಅಳುಕು ನನಗೆ ಚೆನ್ನಾಗಿ ಗೊತ್ತು. ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಅದೇ ಮೈಸೂರಿಗೆ ಹೋದ ನನ್ನಲ್ಲೂ ಅದು ಇತ್ತು. ಅದನ್ನು ಬಿಟ್ಟುಬಿಡು ಎಂದು ಹೇಳಲಿಕ್ಕೇ ಈ ಕಾಗದ. ತಿನ್ನುವುದು ಓದಿನಿಂದ ಕದ್ದ ಹೊತ್ತು ಎಂದುಕೊಂಡಷ್ಟು ದಿನ ಎರಡೂ ನಿನಗೆ ಪೂರ್ತಿ ದಕ್ಕುವುದಿಲ್ಲ.

ನಾನು 1984ರಲ್ಲಿ ಮಾನಸಗಂಗೋತ್ರಿಗೆ ಸೇರಿದಾಗ ಎತ್ತಿಕೊಂಡದ್ದು ದೇವಸ್ಥಾನಗಳಿಗೆ ಬಿಟ್ಟ ದತ್ತಿಗಳ ಶಾಸನಗಳನ್ನು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಮುಂದಿಟ್ಟುಕೊಂಡು, ನೈವೇದ್ಯದ ಅಕ್ಕಿ ಎಷ್ಟು ಕೊಳಗ, ತುಪ್ಪ ಎಷ್ಟು ಸೊಲಗೆ, ಎಲೆ ಅಡಿಕೆ ಎಷ್ಟು ಎಂದು ಕಾರ್ಡುಗಳಿಗೆ ಇಳಿಸುವುದು ದಿನದ ಕೆಲಸ. ಕಾರ್ಡುಗಳು ಚಪ್ಪಲಿ ಡಬ್ಬಿಯ ತುಂಬಾ ಆದ ಮೇಲೆ ಜಾಣತನ ತೋರಿಸಲು ಹೋದೆ. ಎಲ್ಲೋ ಸಿಕ್ಕ ಒಂದು ಕೋಷ್ಟಕ ಹಿಡಿದು ಎಲ್ಲ ಕೊಳಗಗಳನ್ನೂ ಕಿಲೋಗೆ ತಿರುಗಿಸಿದೆ. ಏಳು ಪುಟ ಅಂಕಿಗಳು. ನೋಡಲು ಬಹಳ ಚೆಂದವಾಗಿತ್ತು.

ಆ ವಾರವೇ ಒಂದು ಸಂಜೆ ಚಿಕ್ಕ ಗಡಿಯಾರದ ಹತ್ತಿರ ಕಡ್ಲೆಪುರಿ ಕೊಳ್ಳಲು ನಿಂತೆ. ಕಾಲು ಕೆಜಿ ಕೊಡಿ ಅಂದೆ. ಅಂಗಡಿಯಾತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಪುರಿನ ತೂಕದಲ್ಲಿ ಯಾರಮ್ಮಾ ತಗೋತಾರೆ? ಸೇರು ಹೇಳಿ" ಅಂದ. ಸೇರಿನ ಅಳತೆ ಎತ್ತಿ ರಾಶಿಗೆ ಅದ್ದಿದ. ಪುರಿ ಬಾಯಿಯ ಮೇಲೆ ಗುಡ್ಡದ ಹಾಗೆ ನಿಂತಿತು. ಅದೇ ಸೇರಿನಲ್ಲಿ ಪಕ್ಕದವಳಿಗೆ ಹುರಿಗಡಲೆ ಅಳೆದ. ಈ ಸಲ ಗುಡ್ಡ ಇಲ್ಲ, ಅಂಗೈಯಿಂದ ಬಾಯಿ ಸವರಿ ಮಟ್ಟ ಮಾಡಿದ. ನಾನು ಪೊಟ್ಟಣ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಪಾತ್ರೆ ಒಂದೇ. ತುಂಬುವ ಪದಾರ್ಥ ಬೇರೆ, ತೂಕ ಬೇರೆ, ತುಂಬುವ ರೀತಿಯೂ ಬೇರೆ. ಕೊಳಗವೂ ಹೀಗೆಯೇ ಪಾತ್ರೆಯ ಅಳತೆಯಲ್ಲವೆ? ಊರಿಂದೂರಿಗೆ ಅದು ಬೇರೆಯಾಗಿತ್ತು. ಕೊಳಗ ಇಪ್ಪತ್ತಾದರೆ ಒಂದು ಖಂಡುಗ ಎಂಬ ಲೆಕ್ಕ ಗೊತ್ತಿದ್ದರೂ ಆ ಕೊಳಗ ಯಾವ ಊರಿನದು ಎಂದು ನಾನು ಕೇಳಿರಲಿಲ್ಲ. ನಮ್ಮಪ್ಪ ಗದ್ದೆಯನ್ನು ಎಕರೆಯಲ್ಲಿ ಹೇಳಿದ್ದೇ ಇಲ್ಲ, ಬಿತ್ತುವ ಬೀಜದ ಲೆಕ್ಕದಲ್ಲಿ ಖಂಡುಗ ಎನ್ನುತ್ತಿದ್ದರು. ಮನೆಯಲ್ಲೇ ಕೇಳಿ ಬೆಳೆದಿದ್ದೆ, ಶಾಸನದ ಮುಂದೆ ಕೂತಾಗ ಮರೆತಿದ್ದೆ. ಹಾಸ್ಟೆಲಿಗೆ ಹೋಗಿ ಏಳೂ ಪುಟ ಹರಿದುಹಾಕಿದೆ. ಅಧ್ಯಾಯವನ್ನು ಮತ್ತೆ ಬರೆಯಲು ನಾಲ್ಕು ತಿಂಗಳು ಹಿಡಿಯಿತು. ನನ್ನ ಪ್ರಬಂಧದಲ್ಲಿ ಇವತ್ತಿಗೂ ನಿಲ್ಲುವ ಭಾಗ ಅದೊಂದೇ.

ಅದಕ್ಕೇ ಹೇಳುವುದು, ಮಾರುಕಟ್ಟೆಗೆ ಹೋಗು, ಆದರೆ ಲೈಬ್ರರಿಗೆ ಹೋಗುವ ಹಾಗೆಯೇ ಹೋಗು. ಹೂವನ್ನು ಮೊಳ ಹಾಕುವವಳ ಮೊಳ ಯಾರ ಕೈಯದು ನೋಡು. ಮೈಸೂರಿನ ವೀಳ್ಯದೆಲೆ ಕಟ್ಟುವವರನ್ನು ಒಂದು ಕಟ್ಟಿಗೆ ಎಷ್ಟು ಎಂದು ಕೇಳು. ನಂಜನಗೂಡು ರಸಬಾಳೆ ಸಿಕ್ಕ ದಿನ ಒಂದೇ ಒಂದು ಕೊಂಡರೂ ಸರಿ, ಎಲ್ಲಿಂದ ಬಂತು ಎಂದು ಕೇಳಿ ತಿನ್ನು. ಅದು ಈಗ ಮೊದಲಿನಷ್ಟು ಸಿಗುವುದಿಲ್ಲ. ಈರನಗೆರೆ ಬದನೆಕಾಯಿ ಕಂಡರೆ ನಿನ್ನ ಮಂಗರಸನನ್ನು ನೆನಸಿಕೋ. ತನ್ನ ಅಡುಗೆಯ ಗ್ರಂಥ ಸೂಪಶಾಸ್ತ್ರದಲ್ಲಿ ಬದನೆಗೇ ಒಂದು ಅಧ್ಯಾಯ ಮೀಸಲಿಟ್ಟವನು ಆತ. ಹುಣಸೂರು ಸೀಮೆಯ ಕಲ್ಲಹಳ್ಳಿಯವನು, ನೀನು ಕೂತು ಓದುವ ಜಾಗದಿಂದ ಬಸ್ಸಿನ ದಾರಿ. ಆ ಅಧ್ಯಾಯವನ್ನು ಬದನೆಕಾಯಿ ಹೆಚ್ಚಿದ ಕೈಯಿಂದ ಓದಿದವಳಿಗೂ ಬರೀ ನಿಘಂಟು ಹಿಡಿದು ಓದಿದವಳಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಇನ್ನೊಂದು ಪಾಠ ಇದಕ್ಕೆ ತಿರುಗುಮುರುಗು. ಅದು ನನಗೆ ನೋವು ಕೊಟ್ಟೇ ತಿಳಿದದ್ದು. ವಡ್ಡಾರಾಧನೆಯಲ್ಲಿ ಇಡ್ಡಲಿಗೆ ಎಂಬ ಮಾತಿದೆ, ನಿನಗೆ ಗೊತ್ತು. ಬೆಳಗ್ಗೆ ಎರಡು ಇಡ್ಲಿ ತಿಂದು ಹೋಗಿ ಆ ಪುಟ ತೆರೆದವಳು ನಾನು. ಹತ್ತನೆಯ ಶತಮಾನದಿಂದಲೂ ಕನ್ನಡಿಗರು ಇಡ್ಲಿ ತಿನ್ನುತ್ತಿದ್ದಾರೆ ಎಂದು ಹೆಮ್ಮೆಯಿಂದ ಬರೆದೆ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಹಿರಿಯರು ಆ ಸಾಲಿಗೆ ಬೆರಳಿಟ್ಟು, "ಯಾವ ಇಡ್ಲಿ ತಾಯಿ? ಅಕ್ಕಿ ಎಲ್ಲಿದೆ?" ಎಂದು ಮೆತ್ತಗೆ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಸುಮಾರು 1025ರ ಲೋಕೋಪಕಾರದಲ್ಲಿ ಚಾವುಂಡರಾಯ ಹೇಳುವುದು ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಇಂಗು, ಜೀರಿಗೆ, ಕೊತ್ತಂಬರಿ, ಮೆಣಸು ಸೇರಿಸುವುದನ್ನು. ಮಾನಸೋಲ್ಲಾಸದಲ್ಲೂ ಉದ್ದೇ. ಮುಂದೆ 1994ರಲ್ಲಿ ಬಂದ ಕೆ.ಟಿ. ಅಚ್ಚಯ ಅವರ ಪುಸ್ತಕದಲ್ಲಿ ಇದು ಬಿಡಿಸಿಟ್ಟ ಹಾಗಿದೆ: ಅಕ್ಕಿತರಿ, ಹಿಟ್ಟು ಹುಳಿಬರಿಸುವುದು, ಹಬೆಯಲ್ಲಿ ಬೇಯಿಸುವುದು, ಈ ಮೂರೂ ಆ ಹಳೆಯ ಬರಹಗಳಲ್ಲಿ ಕಾಣುವುದಿಲ್ಲ. ಹೆಸರು ಸಾವಿರ ವರ್ಷ ಉಳಿದು ಬಂದಿದೆ, ತಟ್ಟೆಯಲ್ಲಿರುವುದು ಬದಲಾಗಿದೆ. ನನ್ನ ನಾಲಗೆಗೆ ಗೊತ್ತಿದ್ದ ರುಚಿ ನನ್ನ ಕಣ್ಣು ಕಟ್ಟಿತ್ತು.

ಈಗಿನ ಕಾಲದಲ್ಲೇ ಇದಕ್ಕೆ ಉದಾಹರಣೆ ಬೇಕಾದರೆ ನಜರ್‌ಬಾದಿನ ಮೈಲಾರಿ ಹೋಟೆಲಿನಲ್ಲಿ ಕೂತು ನೋಡು. ಬೆಂಗಳೂರಿನಲ್ಲಿ ಮೈಸೂರು ಮಸಾಲೆ ಎಂದರೆ ಒಳಗೆ ಕೆಂಪು ಚಟ್ನಿ ಸವರಿದ ಗರಿಗರಿ ದೋಸೆ. ಮೈಸೂರಿನವರು ಕಣ್ಣುಮುಚ್ಚಿ ತಿನ್ನುವ ಮೈಲಾರಿ ದೋಸೆ ಹತ್ತಿಯಂತೆ ಮೆತ್ತಗೆ, ಮೇಲೆ ಬೆಣ್ಣೆ. ಊರಿನ ಹೆಸರು ಹೊತ್ತ ತಿಂಡಿ ಊರಿನಲ್ಲೇ ಬೇರೆ. ನೂರೈವತ್ತು ಕಿಲೋಮೀಟರಿನೊಳಗೆ ಒಂದು ಹೆಸರು ಇಷ್ಟು ಅಲೆಯುವುದಾದರೆ, ಚಾವುಂಡರಾಯನಿಂದ ನಿನ್ನವರೆಗೆ ಎಷ್ಟು ಅಲೆದಿರಬೇಡ!

ಆ ಬೆಣ್ಣೆ ದೋಸೆ ತಿಂದ ಕೈಯನ್ನು ಮಾತ್ರ ಸೋಪು ಹಾಕಿ ಎರಡು ಸಲ ತೊಳೆದುಕೊಂಡೇ ಪ್ರಾಚ್ಯವಿದ್ಯಾ ಸಂಶೋಧನಾಲಯದ ಮೆಟ್ಟಿಲು ಹತ್ತು. ಓಲೆಗರಿಗಳನ್ನು ಎಣ್ಣೆ ಸವರಿ ಕಾಪಾಡುತ್ತಾರೆ ನಿಜ, ಆದರೆ ಅದು ಸಿಟ್ರೊನೆಲ್ಲಾ ಎಣ್ಣೆ. ಅಲ್ಲಿ ಕಟ್ಟು ತಂದುಕೊಡುವವರ ಹತ್ತಿರ ತಾಳ್ಮೆಯಿಂದ ಮಾತಾಡು. ಅರ್ಥಶಾಸ್ತ್ರದಂಥ ಗ್ರಂಥ ಕಳೆದೇಹೋಯಿತು ಎಂದು ಲೋಕ ತಿಳಿದಿದ್ದಾಗ, ಗ್ರಂಥಲಿಪಿಯ ಆ ಓಲೆಗಳನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಆರ್. ಶಾಮಶಾಸ್ತ್ರಿಗಳು ಅದೇ ಸಂಸ್ಥೆಯ ಗ್ರಂಥಪಾಲಕರು. ಕಪಾಟಿನಲ್ಲಿ ಏನಿದೆ ಎಂಬುದು ಕ್ಯಾಟಲಾಗಿಗಿಂತ ಹೆಚ್ಚಾಗಿ ಕಪಾಟಿನ ಹತ್ತಿರ ಇರುವವರಿಗೆ ಗೊತ್ತಿರುತ್ತದೆ.

ಒಬ್ಬಳೇ ಹೋಟೆಲಿಗೆ ಹೋಗಲು ಹಿಂಜರಿಯುತ್ತೇನೆ ಅಂದೆಯಲ್ಲ, ಅದಕ್ಕೆ ಬರುತ್ತೇನೆ. ನನ್ನ ಕಾಲದಲ್ಲಿ ಹೆಂಗಸು ಒಬ್ಬಳೇ ಹೋದರೆ ಕೇಳದೆಯೇ ಫ್ಯಾಮಿಲಿ ರೂಮಿಗೆ ಕಳಿಸುತ್ತಿದ್ದರು. ಹಲಗೆಯ ಗೂಡು, ಮಾಸಿದ ಪರದೆ, ಫ್ಯಾನಿಲ್ಲ. ಒಂದು ಹೋಟೆಲಿನಲ್ಲಿ ಹೊರಗಿನ ಟೇಬಲ್ಲಿನಲ್ಲಿ ಕೂತದ್ದಕ್ಕೆ ಸಪ್ಲೈಯರ್ ಇಪ್ಪತ್ತು ನಿಮಿಷ ನನ್ನ ಕಡೆ ತಿರುಗಲಿಲ್ಲ. ಎದ್ದು ಬಂದೆ, ಹಸಿದುಕೊಂಡೇ ಹಾಸ್ಟೆಲಿಗೆ ನಡೆದೆ, ದಾರಿಯಲ್ಲಿ ಅತ್ತೆ. ಮರುದಿನ ಬೇರೆ ಹೋಟೆಲಿಗೆ ಪುಸ್ತಕ ಹಿಡಿದು ಹೋಗಿ ಬಾಗಿಲಿನ ಪಕ್ಕದ ಟೇಬಲ್ಲಿನಲ್ಲೇ ಕೂತೆ. ಅಲ್ಲಿ ವಯಸ್ಸಾದ ಸಪ್ಲೈಯರೊಬ್ಬರು "ಏನು ಓದ್ತಿದೀಯಮ್ಮಾ" ಎಂದು ಕೇಳಿದರು. ನೈವೇದ್ಯದ ವಿಚಾರ ಅಂದೆ. ಉಡುಪಿ ಕಡೆಯವರು, ಹುಡುಗನಾಗಿದ್ದಾಗ ಮಠದ ಅಡುಗೆಮನೆಯಲ್ಲಿದ್ದವರು. ದೊಡ್ಡ ಅಡುಗೆಯಲ್ಲಿ ಅನ್ನ ಬಸಿಯುವುದು, ಪಾತ್ರೆ ಇಳಿಸುವುದು, ಯಾರಿಗೆ ಮೊದಲು ಬಡಿಸುವುದು, ಎಲ್ಲ ಹೇಳಿದರು. ಮೂರು ವರ್ಷ ಅವರು ನನಗೆ ಕಾಫಿ ತಂದಿಟ್ಟರು, ನಾನು ಅವರಿಗೆ ಪ್ರಶ್ನೆ ಕೇಳಿದೆ. ಪ್ರಬಂಧದ ಕೃತಜ್ಞತೆಯಲ್ಲಿ ಅವರ ಹೆಸರು ಬರೆಯಲಿಲ್ಲ. ಹೋಟೆಲಿನವರ ಹೆಸರು ಹಾಕಿದರೆ ಏನೆಂದುಕೊಳ್ಳುತ್ತಾರೋ ಎಂದು ಹೆದರಿದೆ. ನೀನು ಹಾಗೆ ಮಾಡಬೇಡ.

ಹೊರಗಿನ ಟೇಬಲ್ಲಿನಲ್ಲೇ ಕೂತುಕೋ. ಅದಕ್ಕಾಗಿ ನಿನಗಿಂತ ಮೊದಲು ಕೆಲವರು ಹಸಿದಿದ್ದಾರೆ.

ದುಡ್ಡಿನ ವಿಚಾರ ಎರಡೇ ಮಾತು. ಫೆಲೋಶಿಪ್ ತಿಂಗಳುಗಟ್ಟಲೆ ತಡವಾಗಿ ಒಟ್ಟಿಗೆ ಬರುತ್ತದೆ, ಬಂದ ದಿನವೇ ಮೆಸ್ಸಿಗೆ ಮುಂಗಡ ಕಟ್ಟಿಬಿಡು. ಮಧ್ಯಾಹ್ನದ ಊಟ ತಪ್ಪಿಸಿ ಆ ಹೊತ್ತಿನಲ್ಲಿ ಓದುತ್ತೇನೆ ಎನ್ನಬೇಡ. ನಾನು ಒಂದು ಬೇಸಿಗೆಯೆಲ್ಲಾ ಹಾಗೆ ಮಾಡಿ ಕಾರ್ಡುಗಳ ಮೇಲೇ ತಲೆತಿರುಗಿ ಬಿದ್ದೆ. ಆಗ ಹಿಡಿದ ಹೊಟ್ಟೆನೋವು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಲೈಬ್ರರಿಯಲ್ಲಿ ಎಲ್ಲರ ಊಟವೂ ಇಲ್ಲ. ಶಾಸನದಲ್ಲಿರುವುದು ದೇವರ ನೈವೇದ್ಯ. ಮಾನಸೋಲ್ಲಾಸದಲ್ಲಿರುವುದು ಅರಸನ ಊಟ, ಅಲ್ಲಿ ಮಾಂಸದ ಬಗೆಗಳು ಬೇಕಾದಷ್ಟಿವೆ, ಸುಟ್ಟ ಹೊಲದಿಲಿ ಕೂಡ ಇದೆ. ಮಂಗರಸ ಜೈನ, ಅವನಲ್ಲಿ ಮಾಂಸ ಇಲ್ಲ. ಹೊಲ ಉತ್ತವರು ಮಧ್ಯಾಹ್ನ ಏನು ಉಂಡರು? ಕನಕದಾಸರು ರಾಮಧಾನ್ಯಚರಿತೆಯಲ್ಲಿ ರಾಗಿಯನ್ನು ಭತ್ತದ ಎದುರು ನಿಲ್ಲಿಸಿ ಗೆಲ್ಲಿಸಿದ್ದು ನಮ್ಮ ಪುಣ್ಯ. ಉಳಿದದ್ದನ್ನು ನೀನು ಮುದ್ದೆ ಹೋಟೆಲಿನಲ್ಲಿ, ಮಂಡಿ ಮೊಹಲ್ಲಾದಲ್ಲಿ, ಹಾಸ್ಟೆಲಿನ ಪಾತ್ರೆ ತೊಳೆಯುವ ಅಕ್ಕನ ಬುತ್ತಿಯಲ್ಲಿ ಕೇಳಬೇಕು. ಹನುಮಂತು ಹೋಟೆಲಿನ ಮಾಂಸದ ಪಲಾವ್ ತಿನ್ನಲು ಗೆಳತಿಯರು ಕರೆದರೆ, ತಿನ್ನುವುದು ಬಿಡುವುದು ನಿನ್ನಿಷ್ಟ, ಹೋಗಿ ಕೂರು. ಬಸ್ಸಾರು ಎಂದರೆ ಬಸಿದ ನೀರಿನ ಸಾರು ಎಂದು ನಿಘಂಟು ಹೇಳುತ್ತದೆ. ಯಾವ ಸೊಪ್ಪು, ಯಾವ ಕಾಳು, ಮರುದಿನ ಅದರ ರುಚಿ ಯಾಕೆ ಏರುತ್ತದೆ, ಇದನ್ನು ಹೇಳುವವಳು ಬೇರೆ. ಅವಳ ಹೆಸರು, ಊರು, ತಾರೀಕು ಬರೆದುಕೋ, ಪುಸ್ತಕದ ಪುಟಸಂಖ್ಯೆ ಬರೆದುಕೊಳ್ಳುವಷ್ಟೇ ಶ್ರದ್ಧೆಯಿಂದ. ಪುಟಗಳನ್ನು ಫೋನಿನಲ್ಲಿ ಫೋಟೊ ಹೊಡೆದುಕೊಳ್ಳುತ್ತೀಯಂತೆ, ಹೊಡೆದುಕೋ. ಆ ಪುಟ ಯಾಕೆ ಬೇಕಾಯಿತು ಎಂಬುದನ್ನು ಮಾತ್ರ ಅವತ್ತೇ ಕೈಯಾರೆ ಒಂದು ಸಾಲು ಬರೆ. ತಿಂದದ್ದಕ್ಕೂ ಹಾಗೆಯೇ.

ನೀನು ಬರಿಗೈಯಲ್ಲಿ ಹೋದವಳಲ್ಲ ಎಂಬುದೂ ನೆನಪಿರಲಿ. ಸೂಪಶಾಸ್ತ್ರದ ಕೊನೆಯಲ್ಲಿ ಕಳಲೆಯ ಅಡುಗೆಗಳು ಬರುತ್ತವೆ. ಬಯಲುಸೀಮೆಯ ನನ್ನ ಗೈಡ್ ಬಿದಿರಿನ ಆ ಎಳೆ ಮೊಳಕೆಯನ್ನು ಕಂಡೇ ಇರಲಿಲ್ಲ. ಅದರ ಕಹಿಯೂ ನಂಜೂ ಬಿಡುವ ತನಕ ದಿನಾ ನೀರು ಬದಲಿಸಬೇಕು ಎಂಬುದು ನಮ್ಮಮ್ಮ ಮಾಡುವುದನ್ನು ನೋಡಿದ್ದ ನನಗೆ ಗೊತ್ತಿತ್ತು. ಅವತ್ತು ಅವರು ನನ್ನನ್ನು ಎದುರು ಕೂರಿಸಿಕೊಂಡು ಒಂದು ತಾಸು ಕೇಳಿದರು.

ಈ ಸಲ ಮಳೆ ಚೆನ್ನಾಗಿದೆ, ಕಳಲೆ ಎದ್ದಿದೆ. ನಿನ್ನಮ್ಮನೂ ನಾನೂ ಸೇರಿ ಹೆಚ್ಚಿ ಡಬ್ಬಿಗೆ ತುಂಬಿ ನಾಳೆ ರಾತ್ರಿಯ ಬಸ್ಸಿಗೆ ಕೊಡುತ್ತೇವೆ. ಅಷ್ಟರಲ್ಲಿ ಎರಡು ದಿನ ನೀರಲ್ಲಿದ್ದಿರುತ್ತದೆ, ನೀನು ಇನ್ನೊಂದು ದಿನ ನೆನೆಹಾಕು. ಆಮೇಲೆ ಮೆಸ್ಸಿನ ಅಡುಗೆಯವರ ಕೈಗೆ ಕೊಟ್ಟು ಪಕ್ಕದಲ್ಲಿ ನಿಲ್ಲು. ಅವರು ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಏನು ಹಾಕಿ ಬೇಯಿಸುತ್ತಾರೆ, ನನಗೆ ಬರೆದು ತಿಳಿಸು.

ನಿನ್ನ ಚಿಕ್ಕಮ್ಮ