ಬೇವಿನ ಬೀಜದೊಳಗೆ ಏನಿದೆ: ಲ್ಯಾಬಿಗೆ ಬರುವ ಹುಡುಗರಿಗೆ ಆರು ಮಾತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ತೊಗರಿ ರೈತರಿಗೆ ಬೇವಿನ ಕಷಾಯ ಹೊಸದಲ್ಲ. 5 ಕಿಲೊ ಬೀಜದ ಪುಡಿ ರಾತ್ರಿ ನೆನೆಸಿ, ಸೋಸಿ, 100 ಲೀಟರ್ ಮಾಡಿ ಕಾಯಿಕೊರಕ ಕೀಡಿಗೆ ಹೊಡೆಯುತ್ತಾರೆ. ಕೀಡಿಯ ಬಾಯಿ ಕಟ್ಟುವ ಮುಖ್ಯ ಸಂಯುಕ್ತ ಅಜಾಡಿರಾಕ್ಟಿನ್. ಅದನ್ನು ಬೇರ್ಪಡಿಸಲು ಹೊರಟವರಿಗೆ ಈ ಮಾತು.

1. ಗಿಡ ಖಾತ್ರಿ ಮಾಡಿಕೊಳ್ಳಿ. ಬದುವಿನ ಮೇಲೆ ಈಗ ಹೆಬ್ಬೇವೂ ಇರುತ್ತದೆ. ಬೇವಿನ ಎಲೆದಂಟಿಗೆ ಎಲೆಗಳು ನೇರ ಹತ್ತಿರುತ್ತವೆ. ಹೆಬ್ಬೇವಿನ ದಂಟು ಮತ್ತೆ ಕವಲೊಡೆಯುತ್ತದೆ. ಒಂದು ಟೊಂಗೆ ಒತ್ತಿ ಒಣಗಿಸಿ, ಊರು, ತಾರೀಖು ಬರೆದು ಸಸ್ಯಶಾಸ್ತ್ರ ವಿಭಾಗಕ್ಕೆ ಕೊಡಿ.

2. ಅರ್ಧ ಕೆಲಸ ಗಿಡದ ಬುಡದಲ್ಲೇ ಮುಗಿಯುತ್ತದೆ, ಇಲ್ಲವೇ ಅಲ್ಲೇ ಕೆಡುತ್ತದೆ. ಕಾರಹುಣ್ಣಿಮೆ ಹೊತ್ತಿಗೆ ಹಣ್ಣು ಉದುರುತ್ತವೆ, ಮಳೆಯೂ ಆಗಲೇ ಬರುತ್ತದೆ. ನೆಂದು ಬಿದ್ದ ಬೀಜಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಸೇರಿಕೊಳ್ಳಬಹುದು. ಬಿದ್ದ ಹಣ್ಣನ್ನು ಬೇಗ ಆಯ್ದು, ಲೋಳೆ ತೊಳೆದು, ನೆರಳಲ್ಲಿ ಹರವಿ, ಗೋಣಿಚೀಲದಲ್ಲಿ ಇಡಿ, ಪ್ಲಾಸ್ಟಿಕ್ ಬೇಡ. ನಮ್ಮ ಕಡೆ ಏನನ್ನಾದರೂ ಒಣಗಿಸುವುದೆಂದರೆ ಮಾಳಿಗೆ ಮೇಲೆ ಬಿಸಿಲಿಗೆ ಹಾಕುವುದೇ ರೂಢಿ. ಇಲ್ಲಿ ಆ ರೂಢಿ ಬಿಡಬೇಕು. ಬೆಳಕು, ಬಿಸಿ, ಆಮ್ಲ, ಕ್ಷಾರ ಯಾವುದೂ ಈ ಸಂಯುಕ್ತಕ್ಕೆ ಆಗಿಬರುವುದಿಲ್ಲ.

3. ಮೊದಲು ಹೆಕ್ಸೇನ್ ಹಾಕಿ ಎಣ್ಣೆ ತೆಗೆಯಿರಿ, ಆಮೇಲೆ ಮೆಥನಾಲ್. ದ್ರಾವಕ ಇಂಗಿಸುವಾಗ ಒತ್ತಡ ಇಳಿಸಿ, ನೀರಿನ ತೊಟ್ಟಿ 40 ಡಿಗ್ರಿ ದಾಟದಿರಲಿ.

4. ಟಿಎಲ್‌ಸಿ ಪ್ಲೇಟನ್ನು ಯುವಿ ದೀಪಕ್ಕೆ ಹಿಡಿದು "ಸರ್, ಏನೂ ಇಲ್ಲ" ಅನ್ನಬೇಡಿ. ಅಜಾಡಿರಾಕ್ಟಿನ್ ಬೆಳಕು ಹೀರುವುದು 217 ನ್ಯಾನೋಮೀಟರ್ ಆಸುಪಾಸಿನಲ್ಲಿ; ನಮ್ಮ ದೀಪ 254ರದ್ದು. ವ್ಯಾನಿಲಿನ್-ಸಲ್ಫ್ಯೂರಿಕ್ ಆಮ್ಲ ಸಿಂಪಡಿಸಿ, ಪ್ಲೇಟ್ ಕಾಯಿಸಿ. ಖಾಲಿ ಕಂಡ ಜಾಗದಲ್ಲಿ ಚುಕ್ಕೆ ಬಣ್ಣ ತಿರುಗುತ್ತದೆ. ಪಕ್ಕದಲ್ಲೇ ಶುದ್ಧ ಮಾದರಿಯ ಚುಕ್ಕೆಯೂ ಓಡಿರಬೇಕು. ಅಷ್ಟಾದರೂ ಅದು ಅನುಮಾನವೇ ಹೊರತು ಗುರುತಲ್ಲ.

5. ತೂಕ ನೋಡಿ, ಕೂಡಿಸಿ ಕಳೆದು ನೋಡಿ. ಸೂತ್ರ ಸಿ35ಎಚ್44ಓ16, ಅಣುತೂಕ ಸುಮಾರು 720. ಮಾಸ್ ಸ್ಪೆಕ್ಟ್ರಂನಲ್ಲಿ 720 ಹುಡುಕುತ್ತ ಕೂತವರಿಗೆ 743 ಎದ್ದು ಕಂಡರೆ ಗಾಬರಿ ಬೇಡ, 23ರ ಸೋಡಿಯಂ ಅಂಟಿಕೊಂಡಿದೆ. ಅದೇ ತೂಕದ ಬೇರೆ ಅಣುವೂ ಇರಬಹುದಾದ್ದರಿಂದ ಎನ್‌ಎಂಆರ್ ತಪ್ಪದು. ಸಲೀಮುಝ್ಝಮಾನ್ ಸಿದ್ದಿಕಿ 1942ರಲ್ಲೇ ಬೇವಿನಿಂದ ನಿಂಬಿನ್ ತೆಗೆದಿದ್ದರು. ಅಜಾಡಿರಾಕ್ಟಿನ್ ಅನ್ನು ಬಟರ್‌ವರ್ತ್ ಮತ್ತು ಮಾರ್ಗನ್ ಬೇರ್ಪಡಿಸಿದ್ದು 1968ರಲ್ಲಿ. ಸರಿಯಾದ ರಚನೆ ಸಿಕ್ಕಿದ್ದು 1980ರ ದಶಕದ ನಡುವೆ. ಲ್ಯಾಬಿನಲ್ಲೇ ಅದನ್ನು ಕಟ್ಟಲು ಸ್ಟೀವನ್ ಲೇ ತಂಡಕ್ಕೆ 2007 ಬರಬೇಕಾಯಿತು. ಆರು ತಿಂಗಳ ಪ್ರಾಜೆಕ್ಟ್‌ನಲ್ಲಿ "ಹೊಸ ಸಂಯುಕ್ತ" ಎಂದು ಬರೆಯುವ ಮೊದಲು ಈ ಇಸವಿಗಳನ್ನು ಒಮ್ಮೆ ನೋಡಿ.

6. ಜಿಸಿ-ಎಂಎಸ್ ಪಟ್ಟಿಯನ್ನು ಪ್ರಬಂಧಕ್ಕೆ ಅಂಟಿಸುವ ಚಾಳಿ ನನಗೆ ಸೇರದು. ಯಂತ್ರ ತನ್ನ ಭಂಡಾರದಲ್ಲಿರುವ ಹತ್ತಿರದ ಹೆಸರು ಕೊಡುತ್ತದೆ, ಅಷ್ಟೇ. ಅಜಾಡಿರಾಕ್ಟಿನ್ ಅಂತೂ ಆ ಬಿಸಿಗೆ ಮೊದಲೇ ಒಡೆದುಹೋಗಿರುತ್ತದೆ. ಎಚ್‌ಪಿಎಲ್‌ಸಿಗೆ ಪಾಳಿ ಹಚ್ಚಿ. ಪಾಳಿ ಬರುವತನಕ ಮಾದರಿ ಕಂದು ಸೀಸೆಯಲ್ಲಿ, ಫ್ರೀಜರ್‌ನಲ್ಲಿರಲಿ.